ಇಲಿಯ ಲಿವರ್ ಕಾದ ಗಿಡ ನಮ್ಮದನ್ನೂ ಕಾಯುತ್ತದೆಯೇ?

(ರಾಯದುರ್ಗದಲ್ಲಿ ಕನ್ನಡ ಮೇಷ್ಟ್ರುಗಳು, ರೈತರು, ವಿದ್ಯಾರ್ಥಿಗಳ ಎದುರು ಆಡಿದ ಮಾತು. ಧ್ವನಿಮುದ್ರಣದಿಂದ ಬರೆದುಕೊಂಡು ತಿದ್ದಿದ್ದು.)

ಮರುಭೂಮಿಯ ಗಿಡಗಳ ಬಗ್ಗೆ ಮಾತಾಡಿ ಅಂದಾಗ ನನಗೆ ರಾಜಸ್ಥಾನಕ್ಕಿಂತ ಮೊದಲು ನೆನಪಾದದ್ದು ಇಲ್ಲೇ ಪಕ್ಕದ ಕಣೇಕಲ್. ಹಗರಿ ದಂಡೆಯಲ್ಲಿ, ದರ್ಗಾ ಹೊನ್ನೂರಿನ ಸುತ್ತಮುತ್ತ, ಮರಳಿನ ದಿಬ್ಬಗಳು ಗಾಳಿಗೆ ಸರಿದು ಹೊಲದ ಮೇಲೆ ಕೂರುವುದನ್ನು ನಿಮ್ಮಲ್ಲಿ ಎಷ್ಟೋ ಜನ ಕಂಡಿದ್ದೀರಿ. ಅನಂತಪುರ ಜಿಲ್ಲೆಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 550 ಮಿಲಿಮೀಟರ್. ಮುಂಗಾರಿಗೆ ಪಶ್ಚಿಮ ಘಟ್ಟ ಅಡ್ಡ. ಹಿಂಗಾರು ಕರಾವಳಿ ದಾಟಿ ಇಲ್ಲಿಗೆ ಬರುವಷ್ಟರಲ್ಲಿ ಬಸವಳಿದಿರುತ್ತದೆ. ಹವಾಮಾನದವರು ನಮ್ಮನ್ನು ಅರೆಶುಷ್ಕ ಅಂತಾರೆ, ಮರುಭೂಮಿ ಅನ್ನಲ್ಲ. ಸರಿ, ಹಾಗೇ ಇರಲಿ. ಆದರೆ ಈಜಿಪ್ಟ್, ಸೌದಿ, ಟ್ಯುನೀಷಿಯಾ, ಪಾಕಿಸ್ತಾನದ ಲ್ಯಾಬುಗಳಲ್ಲಿ ಲಿವರ್ ರಕ್ಷಣೆಗೆ ಅಂತ ಪರೀಕ್ಷೆ ಮಾಡುವ ಗಿಡಗಳ ಹೆಸರು ಓದುತ್ತಾ ಹೋದರೆ ನಮ್ಮ ಬೇಲಿ, ಬದು, ಗೋಮಾಳವೇ ಕಣ್ಣಿಗೆ ಕಟ್ಟುತ್ತದೆ. ಪಾಪಾಸುಕಳ್ಳಿ, ಎಕ್ಕ, ಬೋರೆ, ನೆಗ್ಗಿಲು, ಹಾವುಮೆಕ್ಕೆ, ಕರಿಜಾಲಿ. ಇವುಗಳ ಜೊತೆಗೆ ನಮ್ಮ ತಂಗಡಿ, ಹಿರೇಮದ್ದು ಅಂದರೆ ಅಶ್ವಗಂಧ, ಮತ್ತೆ ಮರಳು ಮಿಶ್ರಿತ ಹೊಲದಲ್ಲಿ ಯಾರೂ ಬಿತ್ತದೆ ಬರುವ ಕೊಗ್ಗಿ. ತೆಲುಗಿನವರು ವೆಂಪಲಿ ಅನ್ನುವುದೂ ಅದನ್ನೇ. ಆಯುರ್ವೇದದಲ್ಲಿ ಅದಕ್ಕೆ ಶರಪುಂಖ ಅಂತ ಹೆಸರು. ಗುಲ್ಮ, ಲಿವರು, ಎರಡಕ್ಕೂ ಹಳೆಯ ಮದ್ದು.

ಈ ಗಿಡಗಳಲ್ಲಿ ಆಂಟಿಆಕ್ಸಿಡೆಂಟ್ ಯಾಕೆ ಜಾಸ್ತಿ? ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ನಾವು ನೆರಳು ಹುಡುಕುತ್ತೇವೆ. ಗಿಡಕ್ಕೆ ಆ ಅನುಕೂಲವಿಲ್ಲ. ಅದು ನೀರು ಉಳಿಸಿಕೊಳ್ಳಲು ಎಲೆಯ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ರಂಧ್ರ ಮುಚ್ಚಿದ ಮೇಲೆ ಇಂಗಾಲದ ಡೈಆಕ್ಸೈಡ್ ಒಳಗೆ ಬರುವುದಿಲ್ಲ, ಬಿಸಿಲು ಮಾತ್ರ ಬೀಳುತ್ತಲೇ ಇರುತ್ತದೆ. ಹೀಗೆ ಎಲೆ ಹಿಡಿದಿಟ್ಟ ಬೆಳಕಿನ ಶಕ್ತಿಗೆ ಕೆಲಸವಿಲ್ಲದಂತಾಗಿ ಅದು ಆಮ್ಲಜನಕಕ್ಕೆ ತಗುಲುತ್ತದೆ. ಆಗ ಸೂಪರ್‌ಆಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್ ಮುಂತಾದವು ಹುಟ್ಟಿ ಎಲೆಯ ಒಳಗನ್ನೇ ಕೆಡಿಸತೊಡಗುತ್ತವೆ. ಅವುಗಳನ್ನು ತಣಿಸಲು ಗಿಡ ಫ್ಲೇವನಾಯ್ಡ್, ಟ್ಯಾನಿನ್, ವಿಟಮಿನ್ ಸಿ, ವಿಟಮಿನ್ ಇ ತಯಾರಿಸಿಕೊಳ್ಳುತ್ತದೆ. ಇವನ್ನೇ ಆಂಟಿಆಕ್ಸಿಡೆಂಟ್ ಅನ್ನುವುದು. ಪಾಪಾಸುಕಳ್ಳಿ ಹಣ್ಣು ತಿಂದರೆ ನಾಲಿಗೆ ಕೆಂಪಾಗುತ್ತಲ್ಲ, ಆ ಬಣ್ಣ ಬೀಟಲೈನ್, ಬೀಟ್‌ರೂಟಿನಲ್ಲಿರುವ ಬಣ್ಣದ ಬಳಗದ್ದು. ಅಂದಹಾಗೆ ಕಳ್ಳಿಯ ಜಾಣತನ ಇನ್ನೂ ಒಂದಿದೆ: ಅದು ರಾತ್ರಿ ಹೊತ್ತು ರಂಧ್ರ ತೆರೆದು ಇಂಗಾಲ ತುಂಬಿಕೊಂಡು ಹಗಲು ಬಾಗಿಲು ಹಾಕಿಕೊಂಡು ಅಡುಗೆ ಮಾಡುತ್ತದೆ.

ಇದೆಲ್ಲ ಗಿಡ ತನ್ನ ಎಲೆಗಾಗಿ ಮಾಡಿಕೊಳ್ಳುವ ವ್ಯವಸ್ಥೆ. ಇದರ ಜೊತೆಗೆ, ನೀರಿಲ್ಲದ ಕಡೆ ಒಂದೊಂದು ಎಲೆಯೂ ದುಬಾರಿಯಾದ್ದರಿಂದ, ಆಡು ಕುರಿ ಹುಳ ಬಾಯಿ ಹಾಕದ ಹಾಗೆ ಕಹಿ, ವಿಷ ಕೂಡ ಸೇರಿಸಿಕೊಂಡಿರುತ್ತದೆ. ಆಂಟಿಆಕ್ಸಿಡೆಂಟೂ ವಿಷವೂ ಒಂದೇ ಎಲೆಯಲ್ಲಿರುತ್ತವೆ. ಇದನ್ನು ಮುಂದಿನ ಮಾತಿಗೆ ನೆನಪಿಟ್ಟುಕೊಳ್ಳಿ.

ಈಗ ಲಿವರ್. ದೊಡ್ಡವರಲ್ಲಿ ಸುಮಾರು ಒಂದೂವರೆ ಕಿಲೋ ತೂಕ. ಅದಕ್ಕೆ ಬರುವ ರಕ್ತದಲ್ಲಿ ಮುಕ್ಕಾಲು ಪಾಲು ಹೃದಯದಿಂದ ನೇರವಾಗಿ ಬರುವುದಲ್ಲ, ಕರುಳಿನ ಕಡೆಯಿಂದ ಪೋರ್ಟಲ್ ರಕ್ತನಾಳದ ಮೂಲಕ ಬರುವುದು. ನಾವು ತಿಂದದ್ದು, ಕುಡಿದದ್ದು, ನುಂಗಿದ ಮಾತ್ರೆ, ನಾಟಿ ಔಷಧಿ, ಎಲ್ಲ ಮೊದಲು ಅಲ್ಲಿಗೇ. ಲಿವರ್ ಅವುಗಳನ್ನು ಒಡೆದು, ನೀರಿನಲ್ಲಿ ಕರಗುವ ಹಾಗೆ ಮಾಡಿ ಹೊರಗೆ ಕಳಿಸುತ್ತದೆ. ತಮಾಷೆ ಏನಂದರೆ, ಒಡೆಯುವ ಕೆಲಸದಲ್ಲಿ ಕೆಲವು ಸಲ ಸುಮ್ಮನಿದ್ದ ವಸ್ತು ವಿಷವಾಗಿಬಿಡುತ್ತದೆ.

ಕಾರ್ಬನ್ ಟೆಟ್ರಾಕ್ಲೋರೈಡ್ ಅಂತ ಒಂದು ದ್ರವ. ಹಿಂದೆ ಡ್ರೈಕ್ಲೀನಿಂಗಿಗೆ, ಬೆಂಕಿ ಆರಿಸುವ ಉಪಕರಣಕ್ಕೆ ಬಳಸುತ್ತಿದ್ದರು. 1920ರ ದಶಕದಲ್ಲಿ ಕೊಕ್ಕೆಹುಳಕ್ಕೆ ಔಷಧಿ ಅಂತ ಜನರಿಗೆ ಕುಡಿಸಿದ್ದೂ ಉಂಟು. ಲಿವರಿನಲ್ಲಿ ಸಿವೈಪಿ2ಇ1 ಎಂಬ ಕಿಣ್ವವಿದೆ, ಸಾರಾಯಿಯನ್ನು ಒಡೆಯುವುದಕ್ಕೂ ಅದು ಕೈಜೋಡಿಸುತ್ತದೆ. ಅದು ಈ ದ್ರವದಿಂದ ಒಂದು ಕ್ಲೋರಿನ್ ಕಿತ್ತುಹಾಕಿದರೆ ಉಳಿಯುವುದು ಸಿಕ್ಕಿದ್ದರ ಮೇಲೆಲ್ಲ ಎರಗಿ ಕೆಡಿಸುವ ತುಂಡು ಕಣ, ಟ್ರೈಕ್ಲೋರೋಮೀಥೈಲ್ ರ‍್ಯಾಡಿಕಲ್. ಅದು ಕೋಶದ ಕೊಬ್ಬಿನ ಪೊರೆಯ ಮೇಲೆ ಬೀಳುತ್ತದೆ, ಒಂದು ಕೊಬ್ಬಿನ ಕಣ ಕೆಟ್ಟು ಪಕ್ಕದ್ದನ್ನು ಕೆಡಿಸುತ್ತಾ ಹೋಗುತ್ತದೆ. ಲಿವರ್ ರಕ್ಷಣೆಯ ಪ್ರಯೋಗ ಅಂತ ನೀವು ಪತ್ರಿಕೆಯಲ್ಲಿ ಓದುವ ಬಹಳಷ್ಟು ಸುದ್ದಿಯ ಹಿಂದೆ ಇರುವುದು ಇದೇ ದ್ರವ. ಇಲ್ಲದಿದ್ದರೆ ಪ್ಯಾರಾಸಿಟಮಾಲ್.

ಪ್ರಯೋಗ ಹೇಗೆ ನಡೆಯುತ್ತೆ ಅಂತ ಹೇಳುತ್ತೇನೆ, ನಾನು ಕಾಲೇಜಿನಲ್ಲಿ ವಿದ್ಯಾರ್ಥಿಗಳ ಕೈಲಿ ಮಾಡಿಸಿದ ಕೆಲಸ ಇದು. ಇಲಿಗಳನ್ನು ಗುಂಪು ಮಾಡಿ, ಒಂದು ಗುಂಪಿಗೆ ಏನೂ ಕೊಡದೆ, ಇನ್ನೊಂದಕ್ಕೆ ವಿಷ ಮಾತ್ರ, ಮತ್ತೊಂದಕ್ಕೆ ಒಂದು ವಾರ ಗಿಡದ ಸಾರ ಕುಡಿಸಿ ಆಮೇಲೆ ವಿಷ. ಮಾರನೆಯ ದಿನ ರಕ್ತ ತೆಗೆದು ಎಸ್‌ಜಿಪಿಟಿ, ಎಸ್‌ಜಿಒಟಿ ನೋಡುವುದು. ನಿಮ್ಮ ಲ್ಯಾಬ್ ರಿಪೋರ್ಟಿನಲ್ಲೂ ಇರುತ್ತಲ್ಲ, ಅವೇ. ಲಿವರ್ ಕೋಶ ಒಡೆದಾಗ ಒಳಗಿನ ಈ ಕಿಣ್ವಗಳು ರಕ್ತಕ್ಕೆ ಸೋರುತ್ತವೆ. ಹೊಟ್ಟೆ ತೆರೆದು ನೋಡಿದರೆ ರಿಪೋರ್ಟಿನ ಅಂಕಿ ಬರುವ ಮುಂಚೆಯೇ ಅರ್ಧ ಉತ್ತರ ಸಿಕ್ಕಿರುತ್ತದೆ. ಚೆನ್ನಾಗಿರುವ ಲಿವರ್ ಕಡುಗಂದು ಕೆಂಪು, ಅಂಚು ಚೂಪು, ಮೇಲ್ಮೈ ನುಣುಪಾಗಿ ಹೊಳೆಯುತ್ತದೆ. ವಿಷ ತಿಂದದ್ದು ಊದಿಕೊಂಡು, ಅಂಚು ದುಂಡಗಾಗಿ, ಬಿಳಿಚಿದ ಹಳದಿ ಬಣ್ಣಕ್ಕೆ ತಿರುಗಿರುತ್ತದೆ. ಮೇಲೆಲ್ಲ ಚುಕ್ಕಿ ಚುಕ್ಕಿ. ಬ್ಲೇಡಿನಿಂದ ಕೊಯ್ದರೆ ಬ್ಲೇಡಿಗೆ ಜಿಡ್ಡು ಅಂಟುತ್ತದೆ. ಗಿಡದ ಸಾರ ಕುಡಿದ ಗುಂಪಿನದು ಇವೆರಡರ ನಡುವೆ ಇರುತ್ತದೆ, ಅದೃಷ್ಟ ಚೆನ್ನಾಗಿದ್ದರೆ ಮೊದಲನೆಯದಕ್ಕೆ ಹತ್ತಿರ. ಈ ಮೂರನ್ನೂ ತಟ್ಟೆಯಲ್ಲಿ ಪಕ್ಕಪಕ್ಕ ಇಟ್ಟಾಗ ವಿದ್ಯಾರ್ಥಿಗಳ ಮುಖ ಅರಳುವುದನ್ನು ನೋಡಬೇಕು. ನನಗೂ ಖುಷಿಯಾಗುತ್ತಿತ್ತು. ಆ ಫಲಿತಾಂಶ ಸುಳ್ಳಲ್ಲ. ಅದನ್ನು ಓದುವ ರೀತಿಯಲ್ಲಿ ನನ್ನ ತಕರಾರು.

ಮೊದಲನೆಯದು, ಸಾರ ಕುಡಿಸಿದ್ದು ಯಾವಾಗ? ವಿಷಕ್ಕೆ ಮುಂಚೆ. ಕಣದಲ್ಲಿ ಬೆಂಕಿ ಬೀಳುವ ಮುಂಚೆ ಬಣವೆಗೆ ನೀರು ಹೊಡೆಯುವುದು ಬೇರೆ, ಸುಟ್ಟ ಬೂದಿಗೆ ನೀರು ಹೊಡೆಯುವುದು ಬೇರೆ. ನಮ್ಮ ಜನ ವೈದ್ಯರ ಹತ್ತಿರ ಬರುವುದು ಎರಡನೆಯ ಹಂತದಲ್ಲಿ, ಕಣ್ಣು ಹಳದಿಯಾದ ಮೇಲೆ, ಹೊಟ್ಟೆಯಲ್ಲಿ ನೀರು ತುಂಬಿದ ಮೇಲೆ.

ಎರಡನೆಯದು ಸ್ವಲ್ಪ ಸೂಕ್ಷ್ಮ, ವಿಜ್ಞಾನ ಓದುವ ಮಕ್ಕಳು ಗಮನವಿಟ್ಟು ಕೇಳಿ. ಕಾರ್ಬನ್ ಟೆಟ್ರಾಕ್ಲೋರೈಡ್ ತಾನಾಗಿ ಅಷ್ಟು ವಿಷವಲ್ಲ, ಸಿವೈಪಿ2ಇ1 ಒಡೆದರೆ ವಿಷ ಅಂದೆ. ಗಿಡದ ಸಾರ ಆ ಕಿಣ್ವವನ್ನೇ ತಡೆದುಬಿಟ್ಟರೆ? ಆಗ ವಿಷ ಹುಟ್ಟುವುದೇ ಇಲ್ಲ. ಎಸ್‌ಜಿಪಿಟಿ ಇಳಿದಿರುತ್ತದೆ, ಲಿವರ್ ಕೆಂಪಗಿರುತ್ತದೆ, ಪ್ರಬಂಧದಲ್ಲಿ 'ಆಂಟಿಆಕ್ಸಿಡೆಂಟ್ ಗುಣದಿಂದ ರಕ್ಷಣೆ' ಅಂತ ಬರೆದಿರುತ್ತಾರೆ. ನಿಜದಲ್ಲಿ ಗಿಡ ಏನನ್ನೂ ತಣಿಸಿಲ್ಲ, ವಾಸಿ ಮಾಡಿಲ್ಲ. ಒಂದು ಕಿಣ್ವಕ್ಕೆ ಅಡ್ಡ ನಿಂತಿದೆ ಅಷ್ಟೇ. ಆ ಲಿವರಿಗೆ ವೈರಸ್ ಬಂದರೆ, ಕೊಬ್ಬು ತುಂಬಿದರೆ, ಈ ಅಡ್ಡ ನಿಲ್ಲುವಿಕೆಯಿಂದ ಪ್ರಯೋಜನ ಅಷ್ಟಕ್ಕಷ್ಟೇ. ಜೊತೆಗೆ ಇಂಥ ಕಿಣ್ವಗಳನ್ನು ತಡೆಯುವ ಗಿಡ ನೀವು ನುಂಗುವ ಬಿಪಿ ಮಾತ್ರೆ, ಫಿಟ್ಸ್ ಮಾತ್ರೆಯ ಲೆಕ್ಕವನ್ನೂ ಏರುಪೇರು ಮಾಡಬಹುದು.

ಮೂರನೆಯದು ಲೆಕ್ಕ, ಇದನ್ನು ಹಲಗೆಯ ಮೇಲೆ ಬರೆಯೋಣ. ಇಲಿಗೆ ಸಾಮಾನ್ಯವಾಗಿ ಕೊಡುವ ಪ್ರಮಾಣ ಒಂದು ಕಿಲೋ ತೂಕಕ್ಕೆ 200ರಿಂದ 400 ಮಿಲಿಗ್ರಾಂ ಸಾರ. ಇಲಿಯ ಡೋಸನ್ನು ಮನುಷ್ಯರಿಗೆ ಹೊಂದಿಸುವಾಗ 6.2ರಿಂದ ಭಾಗಿಸುವ ರೂಢಿಯಿದೆ. 400ನ್ನು ಭಾಗಿಸಿದರೆ ಸುಮಾರು 65. ಅರವತ್ತು ಕಿಲೋ ತೂಕದವರಿಗೆ ದಿನಕ್ಕೆ ಹತ್ತಿರ ಹತ್ತಿರ 4 ಗ್ರಾಂ ಸಾರ. ಹತ್ತು ಗ್ರಾಂ ಒಣಪುಡಿಯಿಂದ ಒಂದು ಗ್ರಾಂ ಸಾರ ಸಿಗುತ್ತದೆ ಅಂತ ಇಟ್ಟುಕೊಳ್ಳಿ, ಆಗ ದಿನಕ್ಕೆ 40 ಗ್ರಾಂ ಪುಡಿ. ಅಂಗಡಿಯಲ್ಲಿ ಸಿಗುವ ಕ್ಯಾಪ್ಸೂಲಿನಲ್ಲಿ ಎಷ್ಟಿರುತ್ತೆ ಅಂತ ಡಬ್ಬಿ ತಿರುಗಿಸಿ ನೋಡಿ. ಮೇಲಾಗಿ ಲ್ಯಾಬಿನಲ್ಲಿ ಸಾರ ತೆಗೆಯುವುದು ಬಹಳ ಸಲ ಮೆಥನಾಲಿನಲ್ಲಿ, ನಿಮ್ಮ ಮನೆಯ ಕಷಾಯ ನೀರಿನಲ್ಲಿ. ಎರಡರಲ್ಲೂ ಇಳಿಯುವ ವಸ್ತುಗಳು ಬೇರೆ ಬೇರೆ.

ಹಾಗಂತ ಎಲ್ಲ ಪ್ರಯೋಗವೂ ಒಂದೇ ಮಟ್ಟದ್ದಲ್ಲ. 2005ರಲ್ಲಿ ಇಟಲಿಯ ಸಂಶೋಧಕರು ಪಾಪಾಸುಕಳ್ಳಿಯ ಬಳಗದ ಹಣ್ಣಿನ ರಸವನ್ನು ಇಲಿಗಳಿಗೆ ವಿಷಕ್ಕೆ ಮೊದಲೂ ಕೊಟ್ಟು ನೋಡಿದರು, ವಿಷ ಕೊಟ್ಟ ಮೇಲೂ ಕೊಟ್ಟು ನೋಡಿದರು. ಎರಡರಲ್ಲೂ ಲಿವರ್ ಸುಧಾರಿಸಿತ್ತು. ಇದು ಒಳ್ಳೆಯ ಕೆಲಸ, ಇಂಥದ್ದು ಇನ್ನೂ ಬೇಕು. ಆದರೆ ಕಳ್ಳಿಯನ್ನು ಮನುಷ್ಯರ ಮೇಲೆ ನೋಡಿದ್ದರಲ್ಲಿ ಹೆಸರು ಮಾಡಿದ್ದು ಯಾವುದು ಗೊತ್ತಾ? 2004ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸಿನಲ್ಲಿ, ರಾತ್ರಿ ಕುಡಿದು ಬೆಳಗ್ಗೆ ತಲೆ ಭಾರವಾಗುವುದರ ಮೇಲೆ! ಓಕರಿಕೆ, ಬಾಯಿ ಒಣಗುವುದು ಸ್ವಲ್ಪ ಕಡಿಮೆಯಾಯಿತಂತೆ. ಲಿವರ್ ಉಳಿಯಿತು ಅಂತ ಅಲ್ಲಿ ಯಾರೂ ಹೇಳಿಲ್ಲ. ಕುಡಿತದ ಮಾತು ನಾನು ಇಲ್ಲಿ ಉದ್ದ ಮಾಡುವುದಿಲ್ಲ, ನಿಮಗೆಲ್ಲ ಗೊತ್ತಿರುವುದೇ.

ಕಳ್ಳಿಯ ವಿಷಯ ಬಂದದ್ದಕ್ಕೆ ಒಂದು ಉಪಕಥೆ. ಅದು ಈ ನೆಲದ್ದಲ್ಲ, ಅಮೆರಿಕ ಖಂಡದಿಂದ ಬಂದದ್ದು. ದಕ್ಷಿಣ ಭಾರತದಲ್ಲಿ ಒಂದು ಕಾಲಕ್ಕೆ ಎಲ್ಲಿ ನೋಡಿದರೂ ಕಳ್ಳಿಯ ಮೆಳೆ ಹಬ್ಬಿ ನೆಲವೇ ಕೈತಪ್ಪಿತ್ತು. 1926ರಲ್ಲಿ ಸಿಲೋನಿನಿಂದ ಒಂದು ಬಗೆಯ ಕೊಚಿನೀಲ್ ಹುಳ ತಂದು ಬಿಟ್ಟರು, ಕೆಲವೇ ವರ್ಷಗಳಲ್ಲಿ ಮೆಳೆಗಳು ಕೊಳೆತು ಬಿದ್ದವು. ಈಗಲೂ ಕಳ್ಳಿಯ ಮೇಲೆ ಬಿಳಿ ಹತ್ತಿಯಂಥದ್ದು ಕಂಡರೆ ಉಗುರಿನಿಂದ ಅದುಮಿ ನೋಡಿ, ಕಡುಗೆಂಪು ರಸ ಬರುತ್ತದೆ. ಅದೇ ಆ ಹುಳ.

ಈಗ ಮುಖ್ಯ ವಿಷಯಕ್ಕೆ. ಮರುಭೂಮಿಯ ಗಿಡಗಳಲ್ಲಿ ಆಂಟಿಆಕ್ಸಿಡೆಂಟ್ ವಿಚಾರದಲ್ಲಿ ದೊಡ್ಡ ಹೆಸರು ಯಾವುದು ಅಂತ ಕೇಳಿದರೆ ನಾನು ಕ್ರಿಯೊಸೋಟ್ ಪೊದೆ ಅಂತೀನಿ. ಅಮೆರಿಕ, ಮೆಕ್ಸಿಕೊದ ಮರುಭೂಮಿಗಳಲ್ಲಿ ಮೈಲುಗಟ್ಟಲೆ ಅದೇ. ಮೊಹಾವಿ ಮರುಭೂಮಿಯಲ್ಲಿ ಒಂದೇ ಬೇರಿನಿಂದ ಉಂಗುರವಾಗಿ ಹಬ್ಬಿದ ಒಂದು ಪೊದೆಯ ವಯಸ್ಸು ಸುಮಾರು 11,700 ವರ್ಷ ಅಂತ ಲೆಕ್ಕ ಹಾಕಿದ್ದಾರೆ. ಅದರ ಎಲೆಯಲ್ಲಿ ಎನ್‌ಡಿಜಿಎ ಎಂಬ ವಸ್ತುವಿದೆ, ಎಷ್ಟು ಬಲವಾದ ಆಂಟಿಆಕ್ಸಿಡೆಂಟ್ ಅಂದರೆ 1940ರ ದಶಕದಿಂದ ಕೊಬ್ಬು, ಎಣ್ಣೆ ಕಮಟದಂತೆ ಇಡಲು ಆಹಾರಕ್ಕೇ ಸೇರಿಸುತ್ತಿದ್ದರು. ಇಲಿಗಳ ಮೂತ್ರಪಿಂಡ ಕೆಡುವುದು ಕಂಡ ಮೇಲೆ 1960ರ ದಶಕದ ಕೊನೆಗೆ ನಿಲ್ಲಿಸಿದರು. ಆದರೆ ಎಲೆಯ ಚಹಾ, ಮಾತ್ರೆ 'ಚಾಪರಲ್' ಅಂತ ಮಾರಾಟವಾಗುತ್ತಲೇ ಇತ್ತು. ರಕ್ತಶುದ್ಧಿ, ಕ್ಯಾನ್ಸರ್, ಎಲ್ಲದಕ್ಕೂ. ಅದನ್ನು ಕುಡಿದವರಲ್ಲಿ ಕಾಮಾಲೆ ಕಾಣಿಸಿತು. 1992ರಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ಎಚ್ಚರಿಕೆ ಕೊಟ್ಟಿತು. ವರದಿಯಾದವರಲ್ಲಿ ಕೆಲವರಿಗೆ ಲಿವರ್ ಕಸಿಯೇ ಮಾಡಬೇಕಾಯಿತು.

ಯಾಕೆ ಹೀಗೆ? ಗಿಡದ ಫಿನಾಲುಗಳು, ಅಂದರೆ ಫ್ಲೇವನಾಯ್ಡ್, ಟ್ಯಾನಿನ್ ಬಳಗದ ವಸ್ತುಗಳು, ಕರುಳಿನಿಂದ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಅಷ್ಟರಲ್ಲಿ ಅವು ಒಂದೊಂದು ಫ್ರೀ ರ‍್ಯಾಡಿಕಲ್ಲನ್ನೂ ಹಿಡಿದು ತಣಿಸುತ್ತವೆ ಅನ್ನುವುದು ಪರೀಕ್ಷಾ ನಳಿಗೆಯ ಕಥೆ. ಮೈಯೊಳಗೆ ಬಹುಮಟ್ಟಿಗೆ ಅವು ಮಾಡುವುದು ಕೆಣಕುವ ಕೆಲಸ. ಕೋಶಕ್ಕೆ ಸ್ವಲ್ಪ ತೊಂದರೆ ಕೊಡುತ್ತವೆ, ಕೋಶದಲ್ಲಿ ಎನ್‌ಆರ್‌ಎಫ್2 ಎಂಬ ಪ್ರೋಟೀನ್ ಎಚ್ಚೆತ್ತು ಗ್ಲುಟಾಥಯಾನ್ ಮುಂತಾದ ನಮ್ಮದೇ ರಕ್ಷಣೆಯನ್ನು ಹೆಚ್ಚು ತಯಾರು ಮಾಡುತ್ತದೆ. ಕೆಣಕುವುದು ಹದದಲ್ಲಿದ್ದರೆ ಲಾಭ. ಹದ ಮೀರಿದರೆ ಅದೇ ವಸ್ತು ಕೋಶ ಕೊಲ್ಲುತ್ತದೆ. ಆಂಟಿಆಕ್ಸಿಡೆಂಟ್ ಎಷ್ಟಿದೆ ಅನ್ನುವ ಅಂಕಿಯಿಂದ ಗಿಡ ಲಿವರಿಗೆ ಒಳ್ಳೆಯದೋ ಕೆಟ್ಟದ್ದೋ ಗೊತ್ತಾಗುವುದಿಲ್ಲ. ಇವತ್ತು ನಾನು ಹೇಳಲು ಬಂದದ್ದು ಬಹುಪಾಲು ಇಷ್ಟೇ, ಉಳಿದದ್ದೆಲ್ಲ ಇದಕ್ಕೆ ಸಾಕ್ಷಿ.

ಸಾಕ್ಷಿಗೆ ದೂರ ಹೋಗಬೇಕಿಲ್ಲ. ತಂಗಡಿಯ ಹೂವನ್ನು ಒಣಗಿಸಿ ಚಹಾ ಮಾಡುತ್ತೀರಿ. ಅದರ ದಾಯಾದಿ ಒಂದಿದೆ, ದೊಡ್ಡತಗಚೆ, ತೆಲುಗಿನಲ್ಲಿ ಕಸಿಂದ. ತಿಪ್ಪೆ ಪಕ್ಕ, ರಸ್ತೆ ಬದಿ ಬೆಳೆಯುತ್ತದೆ, ಎಲೆ ಹೊಸಕಿದರೆ ಕೆಟ್ಟ ವಾಸನೆ. ತಂಗಡಿಯ ಕಾಯಿ ಚಪ್ಪಟೆ, ತೆಳು. ಇದರದು ಉದ್ದವಾಗಿ ತುದಿ ಸ್ವಲ್ಪ ಮೇಲಕ್ಕೆ ಬಾಗಿರುತ್ತದೆ. ಪಶ್ಚಿಮ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಮಳೆಗಾಲ ಮುಗಿದ ಮೇಲೆ ವರ್ಷವರ್ಷವೂ ಚಿಕ್ಕ ಮಕ್ಕಳು ವಾಂತಿ, ಪ್ರಜ್ಞೆ ತಪ್ಪುವುದು ಅಂತ ಬಂದು ಬೇಗನೆ ತೀರಿಕೊಳ್ಳುತ್ತಿದ್ದರು. ಮಿದುಳು ಜ್ವರ ಅಂತ ಬಹಳ ಕಾಲ ತಿಳಿದಿದ್ದರು. 2007ರ ಸುಮಾರಿಗೆ ವೈದ್ಯರು ಹುಡುಕುತ್ತಾ ಹೋದಾಗ ಸಿಕ್ಕಿದ್ದು ಈ ಗಿಡದ ಬೀಜ. ಆಟವಾಡುತ್ತಾ ಮಕ್ಕಳು ಕಾಯಿ ಬಿಡಿಸಿ ತಿಂದಿದ್ದರು, ಲಿವರು, ಸ್ನಾಯು, ಮಿದುಳು ಮೂರೂ ಕೆಟ್ಟಿದ್ದವು. ಶಾಲೆಯ ಸುತ್ತ ಈ ಗಿಡ ಇದ್ದರೆ ಮೇಷ್ಟ್ರುಗಳು ದಯವಿಟ್ಟು ಕೀಳಿಸಿ.

ಅಶ್ವಗಂಧ ನಮ್ಮ ಒಣನೆಲದ ಹೆಮ್ಮೆಯ ಬೆಳೆ. ಅದನ್ನು ಬೈಯಲು ನಾನು ಬಂದಿಲ್ಲ. ಆದರೂ 2020ರಲ್ಲಿ ಐಸ್‌ಲ್ಯಾಂಡ್ ಮತ್ತು ಅಮೆರಿಕದ ವೈದ್ಯರು ಅದರ ಮಾತ್ರೆ ತಿಂದು ಕಾಮಾಲೆ ಬಂದ ಐದು ಜನರ ವಿವರ ಪ್ರಕಟಿಸಿದ್ದಾರೆ. ಮಾತ್ರೆ ನಿಲ್ಲಿಸಿದ ಮೇಲೆ ಅವರು ಚೇತರಿಸಿಕೊಂಡರು. ಇಲಿಯಲ್ಲಿ ಲಿವರ್ ಕಾಯುತ್ತದೆ ಅಂತ ಅಶ್ವಗಂಧದ ಮೇಲೂ ಪ್ರಬಂಧಗಳಿವೆ ಅನ್ನುವುದನ್ನು ಗಮನಿಸಿ.

ಕಾಮಾಲೆ ಅಂದ ಮೇಲೆ ನಾಟಿ ಔಷಧಿಯ ಮಾತು ಬರಲೇಬೇಕು. ನಮ್ಮ ಕಡೆ ಕಣ್ಣು ಹಳದಿಯಾದರೆ ಮೊದಲು ಹೋಗುವುದು ಬೇರು ಅರೆದು ಕೊಡುವವರ ಹತ್ತಿರ, ಪಥ್ಯ ಹಿಡಿದು ಮೂರು ವಾರಕ್ಕೆ ವಾಸಿ. ವಾಸಿಯಾಗುವುದು ನಿಜ. ಯಾಕಂದರೆ ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಎ, ಹೆಪಟೈಟಿಸ್ ಇ ಬಹುತೇಕ ಜನರಲ್ಲಿ ಕೆಲವು ವಾರಗಳಲ್ಲಿ ತಾವಾಗಿಯೇ ಇಳಿಯುತ್ತವೆ. ಲಿವರಿಗೆ ಆ ಶಕ್ತಿ ಇದೆ. ಕಸಿಗೆ ಅರ್ಧಕ್ಕಿಂತ ಹೆಚ್ಚು ಲಿವರ್ ಕೊಟ್ಟವರಲ್ಲೂ ಉಳಿದ ಭಾಗ ಕೆಲವೇ ತಿಂಗಳಲ್ಲಿ ಬೆಳೆದು ತುಂಬಿಕೊಳ್ಳುತ್ತದೆ. ಕೀರ್ತಿ ಬೇರಿಗೆ ಹೋಗುತ್ತದೆ, ಹೋಗಲಿ. ಆದರೆ ಗರ್ಭಿಣಿಗೆ ಕಾಮಾಲೆ ಬಂದರೆ ಒಂದು ದಿನವೂ ಕಾಯಬೇಡಿ. ಹೆಪಟೈಟಿಸ್ ಇ ಕೊನೆಯ ಮೂರು ತಿಂಗಳಲ್ಲಿ ಬಂದರೆ ಐವರಲ್ಲಿ ಒಬ್ಬರವರೆಗೆ ಸಾಯುತ್ತಾರೆ. ಮಂಪರು, ತೊದಲು ಮಾತು, ರಕ್ತವಾಂತಿ ಕಂಡರೂ ಅಷ್ಟೇ, ನೇರ ಆಸ್ಪತ್ರೆಗೆ.

ನೆಲನೆಲ್ಲಿಯ ಕಥೆ ಕೇಳಿ, ಅದು ಮರುಭೂಮಿಯ ಗಿಡವಲ್ಲ, ಮಳೆ ಬಿದ್ದ ಮೇಲೆ ಅಂಗಳದಲ್ಲಿ ಬರುವಂಥದ್ದು. ಆದರೂ ಪಾಠ ಇದೇ. 1988ರಲ್ಲಿ ಮದರಾಸಿನ ಸಂಶೋಧಕರು, 1976ರಲ್ಲಿ ನೊಬೆಲ್ ಪಡೆದ ಬಾರೂಖ್ ಬ್ಲಂಬರ್ಗ್ ಅವರ ಜೊತೆ ಸೇರಿ, ಹೆಪಟೈಟಿಸ್ ಬಿ ವೈರಸ್ ಹೊತ್ತವರಿಗೆ ಇದರ ಪುಡಿಯನ್ನು ತಿಂಗಳು ಕಾಲ ಕೊಟ್ಟರು. ಗಿಡ ತಿಂದ 37 ಜನರಲ್ಲಿ 22 ಜನರ ರಕ್ತದಿಂದ ವೈರಸ್ಸಿನ ಗುರುತು ಮಾಯವಾಯಿತು. ಹೋಲಿಸಿ ನೋಡಲೆಂದು ಕೊಟ್ಟ, ಮದ್ದೇ ಇಲ್ಲದ ಸುಳ್ಳು ಮದ್ದು ತಿಂದ 23 ಜನರಲ್ಲಿ ಒಬ್ಬರಲ್ಲಿ ಮಾತ್ರ. ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು, ಜಗತ್ತೇ ತಿರುಗಿ ನೋಡಿತು. ಆಮೇಲೆ ಬೇರೆ ಕಡೆ ಮಾಡಿದ ಪ್ರಯೋಗಗಳಲ್ಲಿ ಆ ಫಲ ಮರುಕಳಿಸಲಿಲ್ಲ. ನಮ್ಮ ಗಿಡದ ಮೇಲೆ ನಮಗೆ ಪ್ರೀತಿ ಇರುವುದು ಸಹಜ, ಆದರೆ ಒಂದು ಪ್ರಯೋಗ ಅಂದರೆ ಒಂದೇ ಪ್ರಯೋಗ. ಹಾಲುಮುಳ್ಳು (ಮಿಲ್ಕ್ ತಿಸಲ್) ಎಂಬ ಗಿಡದಿಂದ ತೆಗೆದ ಸಿಲಿಮರಿನ್ ಮಾತ್ರೆ ನಿಮ್ಮಲ್ಲಿ ಕೆಲವರು ನುಂಗುತ್ತಿರಬಹುದು, ಲಿವರ್ ಟಾನಿಕ್ ಅಂತ ಬರೆದುಕೊಡುತ್ತಾರೆ. 2012ರಲ್ಲಿ ಅಮೆರಿಕದಲ್ಲಿ ಹೆಪಟೈಟಿಸ್ ಸಿ ಇದ್ದ 154 ಜನರ ಮೇಲೆ ದೊಡ್ಡ ಪ್ರಮಾಣದಲ್ಲೇ ಕೊಟ್ಟು ನೋಡಿದರು. ಸುಳ್ಳು ಮದ್ದಿಗಿಂತ ಹೆಚ್ಚೇನೂ ಆಗಲಿಲ್ಲ.

ಹಾಗಾದರೆ ಈ ದಾರಿಯಲ್ಲಿ ಗೆದ್ದದ್ದು ಏನೂ ಇಲ್ಲವೇ? ಇದೆ. ಪ್ಯಾರಾಸಿಟಮಾಲ್ ಅತಿಯಾದರೆ ಲಿವರಿನಲ್ಲಿ ಅದರಿಂದ ಹುಟ್ಟುವ ವಿಷ ಗ್ಲುಟಾಥಯಾನನ್ನು ಖಾಲಿ ಮಾಡುತ್ತದೆ. 1970ರ ದಶಕದಲ್ಲಿ ಬಂದ ಅಸಿಟೈಲ್‌ಸಿಸ್ಟೀನ್ ಆ ಗ್ಲುಟಾಥಯಾನನ್ನು ಮತ್ತೆ ತುಂಬುತ್ತದೆ. ಎಂಟು ಗಂಟೆಯೊಳಗೆ ಕೊಟ್ಟರೆ ಬಹುತೇಕ ಎಲ್ಲರೂ ಉಳಿಯುತ್ತಾರೆ. ಯಾವ ವಿಷ, ಎಲ್ಲಿ ಹೊಡೆಯುತ್ತದೆ, ಏನು ಖಾಲಿಯಾಗಿದೆ ಅಂತ ಗೊತ್ತಿದ್ದು, ಅದನ್ನೇ ತುಂಬಿದ್ದರಿಂದ ಗೆದ್ದದ್ದು. ದೊಡ್ಡವರಿಗೆ ದಿನಕ್ಕೆ 500 ಮಿಲಿಗ್ರಾಮಿನ ಎಂಟು ಮಾತ್ರೆ ಪರಮಾವಧಿ, ಕುಡಿಯುವವರಿಗೆ ಅಷ್ಟೂ ಬೇಡ. ಶೀತದ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ, ಲೆಕ್ಕಕ್ಕೆ ಹಿಡಿಯಿರಿ. ಇನ್ನು ವಿಟಮಿನ್ ಇ: 2010ರ ಒಂದು ಪ್ರಯೋಗದಲ್ಲಿ ಸಕ್ಕರೆ ಕಾಯಿಲೆ ಇಲ್ಲದ ಕೊಬ್ಬಿನ ಲಿವರಿನವರಿಗೆ ಅದರಿಂದ ಉಪಯೋಗವಾಯಿತು. ಮರುವರ್ಷ ಪ್ರಕಟವಾದ ಇನ್ನೊಂದು ದೊಡ್ಡ ಅಧ್ಯಯನದಲ್ಲಿ ಅದೇ ವಿಟಮಿನ್ ತಿಂದ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ. 17ರಷ್ಟು ಹೆಚ್ಚಾಗಿ ಕಂಡಿತು. ವೈದ್ಯರನ್ನು ಕೇಳದೆ ಮುಟ್ಟಬೇಡಿ.

ಕೊನೆಗೆ ನಮ್ಮ ಹೊಲಕ್ಕೆ ಬರುತ್ತೇನೆ. ನಿಮ್ಮ ಲಿವರಿಗೆ ಈ ಜಿಲ್ಲೆಯಲ್ಲಿ ಹತ್ತಿರದ ಅಪಾಯ ಬೇಲಿಯಲ್ಲಿಲ್ಲ, ಕಡ್ಲೆಕಾಯಿ ಚೀಲದಲ್ಲಿದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಲಿವರ್ ಕೆಟ್ಟು ಸತ್ತವು. ಹುಡುಕಿದಾಗ ಬ್ರೆಜಿಲ್‌ನಿಂದ ಬಂದ ಕಡ್ಲೆಕಾಯಿ ಹಿಂಡಿ ಕಾರಣ, ಅದರಲ್ಲಿ ಬೆಳೆದ ಆಸ್ಪರ್ಜಿಲಸ್ ಫ್ಲೇವಸ್ ಬೂಷ್ಟು, ಆ ಬೂಷ್ಟಿನ ವಿಷ ಅಫ್ಲಾಟಾಕ್ಸಿನ್. 1974ರಲ್ಲಿ ಗುಜರಾತಿನ ಪಂಚಮಹಲ್, ರಾಜಸ್ಥಾನದ ಬಾಂಸವಾಡಾದಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ಕಾಮಾಲೆಯಾಗಿ ನೂರಕ್ಕೂ ಹೆಚ್ಚು ಜನ ಸತ್ತರು. ಹಾಗೆ ಒಂದೇಸಲ ಸಾಯುವುದು ಅಪರೂಪ. ದಿನಾ ಸ್ವಲ್ಪ ಸ್ವಲ್ಪ ಹೊಟ್ಟೆಗೆ ಹೋದರೆ ವರ್ಷಗಳ ಮೇಲೆ ಲಿವರ್ ಕ್ಯಾನ್ಸರ್. ಹೆಪಟೈಟಿಸ್ ಬಿ ಕೂಡ ಇದ್ದವರಿಗೆ ಅಪಾಯ ಹಲವು ಪಟ್ಟು.

ಇದು ಬರಗಾಲದ ಬೂಷ್ಟು. ಕೊಯ್ಲಿಗೆ ಮೂರು ನಾಲ್ಕು ವಾರ ಇರುವಾಗ ಮಳೆ ಕೈಕೊಟ್ಟು ನೆಲ ಕಾದರೆ, ಗಿಡದ ರಕ್ಷಣೆ ಕುಂದಿ ಮಣ್ಣೊಳಗೇ ಕಾಯಿಗೆ ಹತ್ತುತ್ತದೆ. ಕಾಯಿ ಒಡೆದು ನೋಡಿ: ಸುಕ್ಕುಗಟ್ಟಿದ, ಬಣ್ಣಗೆಟ್ಟ ಬೀಜ. ಎರಡು ಬೇಳೆ ಬಿಡಿಸಿದರೆ ನಡುವಿನ ಪೊಳ್ಳಿನಲ್ಲಿ ಹಸಿರು ಹಳದಿ ಪುಡಿ. ಬಾಯಿಗೆ ಹಾಕಿದರೆ ಕಹಿ. ಅಂಥದ್ದೊಂದು ಬಾಯಿಗೆ ಬಂದರೆ ಉಗಿದುಬಿಡಿ, ಬೆಲ್ಲ ತಿಂದು ಮರೆಸಬೇಡಿ. ಹುರಿದರೆ ಹೋಗುತ್ತೆ ಅಂತಾರೆ, ಪೂರ್ತಿ ಹೋಗುವುದಿಲ್ಲ, ಆ ವಿಷ ಬಿಸಿಗೆ ಜಗ್ಗುವಂಥದ್ದಲ್ಲ. ಹದಕ್ಕೆ ಕಿತ್ತು, ಗಿಡ ತಲೆಕೆಳಗು ಹಾಕಿ ಬೇಗ ಒಣಗಿಸಿ, ಅಲ್ಲಾಡಿಸಿದರೆ ಬೀಜ ಗಲಗಲ ಅನ್ನುವವರೆಗೆ ಚೀಲ ಕಟ್ಟಬೇಡಿ. ಗುದ್ದಲಿ ತಗುಲಿದ ಕಾಯಿ, ಗೆದ್ದಲು ತಿಂದದ್ದು, ಜೊಳ್ಳು ಬೇರೆ ಮಾಡಿ. ವಿಷದ ಬಹುಪಾಲು ಆ ಸ್ವಲ್ಪ ಕಾಯಿಗಳಲ್ಲೇ ಇರುತ್ತದೆ.

ಇಲ್ಲಿ ಗಿಡದ ಸಹಾಯ ಇದೆಯೇ? ಇದೆ, ಅದೂ ಮನುಷ್ಯರಲ್ಲೇ ನೋಡಿದ್ದು. ಚೀನಾದ ಚಿಡಾಂಗ್ ಪ್ರದೇಶದಲ್ಲಿ ಲಿವರ್ ಕ್ಯಾನ್ಸರ್ ಬಹಳ. 1997ರಲ್ಲಿ ಅಲ್ಲಿನ 180 ಜನರ ಮೇಲೆ ಒಂದು ಪ್ರಯೋಗ ಮಾಡಿದರು. ಎಲೆಯ ಹಸಿರಿನಿಂದ ಮಾಡಿದ ಕ್ಲೋರೋಫಿಲಿನ್ ಮಾತ್ರೆಯನ್ನು ನಾಲ್ಕು ತಿಂಗಳು ಊಟದ ಜೊತೆ ಕೊಟ್ಟಾಗ, ಮೂತ್ರದಲ್ಲಿ ಕಾಣುವ ಅಫ್ಲಾಟಾಕ್ಸಿನ್ ಹಾನಿಯ ಗುರುತು ಶೇ. 55ರಷ್ಟು ಇಳಿಯಿತು. ಹೊಟ್ಟೆಯಲ್ಲೇ ವಿಷವನ್ನು ಹಿಡಿದು ಕಟ್ಟಿಹಾಕುವುದರಿಂದ ಹೀಗಾಗುತ್ತದೆ ಅನ್ನುತ್ತಾರೆ. ಆದರೆ ಅದೇ ಚಿಡಾಂಗಿನಲ್ಲಿ ಲಿವರ್ ಕ್ಯಾನ್ಸರ್ ಅರ್ಧದಷ್ಟು ಇಳಿದದ್ದು ಮಾತ್ರೆಯಿಂದಲ್ಲ. 1980ರ ದಶಕದಿಂದ ಜನ ಬೂಷ್ಟು ಹಿಡಿಯುವ ಮೆಕ್ಕೆಜೋಳ ಬಿಟ್ಟು ಅಕ್ಕಿ ತಿನ್ನಲು ಶುರು ಮಾಡಿದ್ದರಿಂದ.

ಪ್ರಶ್ನೆಗಳು ಬಂದಿವೆ, ಒಂದೊಂದಾಗಿ ನೋಡೋಣ.

ದಿನಾ ಲೋಳೆಸರದ ರಸ ಕುಡಿಯಬಹುದೇ ಅಂತ ಒಬ್ಬರು. ಒಳಗಿನ ಪಾರದರ್ಶಕ ಲೋಳೆ ಬೇರೆ, ಸಿಪ್ಪೆಯಡಿ ಸೋರುವ ಹಳದಿ ಹಾಲು ಬೇರೆ. ಹಳದಿ ಹಾಲು ಭೇದಿ ಮಾಡಿಸುವಂಥದ್ದು. ಇಡೀ ಎಲೆ ಅರೆದ ಸಾರವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಸಂಶಯದ ಪಟ್ಟಿಗೆ ಸೇರಿಸಿದೆ. ಮುಖಕ್ಕೆ ಹಚ್ಚಿಕೊಳ್ಳಿ, ದಿನಾ ಕುಡಿಯುವ ಅಗತ್ಯ ನನಗೆ ಕಾಣುವುದಿಲ್ಲ.

ಪಾಪಾಸುಕಳ್ಳಿ ಹಣ್ಣು ತಿನ್ನಬಹುದಾ ಅಂತ ಹುಡುಗರು ಕೇಳಿದ್ದಾರೆ. ತಿನ್ನಿ, ನಾವೂ ತಿಂದು ಬೆಳೆದದ್ದೇ. ಮೊದಲು ಕಲ್ಲಿನ ಮೇಲೆ ಚೆನ್ನಾಗಿ ಉಜ್ಜಿ. ಕಣ್ಣಿಗೆ ಕಾಣದ ಸಣ್ಣ ಮುಳ್ಳು ನಾಲಿಗೆಗೆ ಹೊಕ್ಕರೆ ಎರಡು ದಿನ ಊಟ ಸೇರಲ್ಲ.

ಬೇರ್ಪಡಿಸಿದ ಕೆಟ್ಟ ಕಡ್ಲೆಕಾಯಿ ಏನು ಮಾಡುವುದು, ಗಾಣಕ್ಕೆ ಹಾಕಿದರೆ ಎಣ್ಣೆಯಾದರೂ ಆಗುತ್ತಲ್ಲ ಅಂತ ಹಿಂದಿನ ಸಾಲಿನಿಂದ ಒಬ್ಬರು ರೈತರು. ಗಾಣಕ್ಕೆ ಹಾಕಿದರೆ ವಿಷದ ಬಹುಭಾಗ ಹಿಂಡಿಯಲ್ಲಿ ಉಳಿಯುತ್ತದೆ, ಸ್ವಲ್ಪ ಗಾಣದ ಎಣ್ಣೆಗೂ ಇಳಿಯುತ್ತದೆ. ರಿಫೈನ್ ಮಾಡಿದರೆ ಎಣ್ಣೆಯದು ಹೋಗುತ್ತದೆ, ಹಿಂಡಿಯದು ಹೋಗುವುದಿಲ್ಲ. ಆ ಹಿಂಡಿಯನ್ನು ನೀವು ಎಮ್ಮೆಗೆ ಹಾಕುತ್ತೀರಿ. ಎಮ್ಮೆಯ ಲಿವರ್ ಅದನ್ನು ಸ್ವಲ್ಪ ಬದಲಾಯಿಸಿ ಅಫ್ಲಾಟಾಕ್ಸಿನ್ ಎಂ1 ಅಂತ ಹಾಲಿಗೆ ಬಿಡುತ್ತದೆ, ಕಾಯಿಸಿದರೂ ಅದು ಉಳಿಯುತ್ತದೆ. ಬೆಳಗ್ಗೆ ಆ ಹಾಲು ಕುಡಿಯುವುದು ನಿಮ್ಮ ಮೊಮ್ಮಗು. ಅದಕ್ಕೇ ಗಾಣಕ್ಕೂ ಬೇಡ, ಕೊಟ್ಟಿಗೆಗೂ ಬೇಡ, ಸುಟ್ಟುಬಿಡಿ.